ನಿಮ್ಮವ್ವಗ ಹೇಳು

ಆ ಹುಡುಗಿ ಬರೆದ ಚೌಕಕ್ಕೆ ನಾಲ್ಕು ಮೂಲೆಗಳಿದ್ದವು ಎಂಬುದೊಂದನ್ನು ಬಿಟ್ಟರೆ ಅದನ್ನು ಚೌಕ ಎನ್ನಲು ಬೇರೆ ಯಾವ ಕಾರಣವೂ ಮರಿಲಿಂಗಪ್ಪನಿಗೆ ಕಾಣಲಿಲ್ಲ. ಎಡಗಡೆಯ ಗೆರೆ ಕುಡಿದವನ ಹಾಗೆ ಹೊರಗೆ ವಾಲಿತ್ತು. ಕೆಳಗಿನದು ಬಲಮೂಲೆ ಮುಟ್ಟುವ ಮೊದಲೇ ದಣಿದು ನಿಂತಿತ್ತು. ಅದರೊಳಗೆ ಅವಳು ಅವನ ಹೆಸರು ಬರೆದಳು. ‘ಮರಿಲಿಂಗ’ ಒಳಗೆ ಹಿಡಿಸಿತು, ‘ಪ್ಪ’ ಹೊರಗೆ ಉಳಿಯಿತು. ಇಷ್ಟು ವರ್ಷ ಮಾನದಿಂದ ಬಾಳಿದ ಮನುಷ್ಯನ ಬಾಲವೊಂದು ಹೀಗೆ ಗೋಡೆ ದಾಟಿ ಬೀದಿಗೆ ಬಿದ್ದದ್ದನ್ನು ನೋಡುತ್ತ ಅವನು ಕುರ್ಚಿಯಲ್ಲಿ ಒಮ್ಮೆ ಮಿಸುಕಾಡಿದ.

“ಗಂಡಸರಿಗೆಲ್ಲ ಚೌಕ ರಿ, ಹೆಣ್ಣಮಕ್ಕಳಿಗೆಲ್ಲ ಗುಂಡಗ,” ಎಂದಳು ರಾಬಿಯಾ. ಅವಳೇ ಇಲ್ಲಿಯ ಸಲಹೆಗಾರ್ತಿ. “ಇಬ್ಬರ ನಡುವ ನೆಟ್ಟನ ಗೆರಿ ಇತ್ತಂದ್ರ ಚೊಲೊ ಅದಾರ ಅಂತ. ಗರಗಸದ ಹಲ್ಲಿನಂಗ ಇತ್ತಂದ್ರ ಜಗಳ. ಗೆರಿ ನಡುವ ಕಡಿದಿದ್ರ ಮಾತು ಬಿಟ್ಟಾರ ಅಂತ. ಹಿಂಗ ಮೂರು ತಲಿಮಾರಿಂದು ಬರಕೊಂಡ್ರ ಮನಿತನದ ನಕ್ಷಾ ಆಗತದ. ಯಾವುದು ಎಲ್ಲಿಂದ ಇಳಕೊಂತ ಬಂದದ ಅಂತ ಕಣ್ಣಿಗೆ ಕಾಣತದ.”

ಯಾದಗಿರಿ ಜಿಲ್ಲೆಯಾದ ಮೇಲೆ ಊರಿಗೆ ಬಂದಿಳಿದ ಅನೇಕ ಸಾಮಾನುಗಳಲ್ಲಿ ಈ ಆಪ್ತಸಲಹಾ ಕೇಂದ್ರವೂ ಒಂದು. ಸ್ಟೇಷನ್ ರಸ್ತೆಯ ಸ್ಟೀಲುಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅದನ್ನು ಇಟ್ಟಿದ್ದರು. ಕೆಳಗೆ ಯಾರಾದರೂ ಕೊಡವನ್ನು ಬಡಿದು ನೋಡಿದರೆ ಮೇಲೆ ಯಾವುದೋ ಸಂಸಾರದ ಗುಟ್ಟು ಅರ್ಧಕ್ಕೆ ನಿಂತು, ಸದ್ದು ಅಡಗಿದ ಮೇಲೆ ಮುಂದುವರಿಯಬೇಕು. ಗೋಡೆಯ ಮೇಲೆ ಸುಖೀ ಕುಟುಂಬದ ದೊಡ್ಡ ಚಿತ್ರ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದು ನಾಯಿಯ ಸಮೇತ ಹುಲ್ಲಿನ ಮೇಲೆ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಆ ಹುಲ್ಲಾಗಲಿ ಆ ಹಲ್ಲಾಗಲಿ ಈ ಜಿಲ್ಲೆಯದಲ್ಲ ಎಂದು ಮರಿಲಿಂಗಪ್ಪ ಬಂದ ಕೂಡಲೇ ತೀರ್ಮಾನಿಸಿದ್ದ. ನಾಯಿಯ ಬಗ್ಗೆ ಮಾತ್ರ ಅವನಿಗೆ ಸ್ವಲ್ಪ ಅನುಮಾನವಿತ್ತು.

ಚಿತ್ರದ ಕೆಳಗೆ ಚಾಪೆಯ ಮೇಲೆ ಅವನ ಮಗಳು ಬಾಲಮ್ಮ ಕೂತಿದ್ದಳು. ಐದನೇ ಇಯತ್ತೆಯ ಹುಡುಗಿ. ಎದುರಿಗಿಟ್ಟ ಬಣ್ಣದ ಕಡ್ಡಿಗಳನ್ನು ಮುಟ್ಟದೆ, ಬಿಚ್ಚಿಟ್ಟ ಚಪ್ಪಲಿಗಳನ್ನು ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಅವಳ ಸೋದರಮಾವನ ಮದುವೆ ಮುಗಿದಾಗಿನಿಂದ ಅವಳು ಯಾರೊಂದಿಗೂ ಮಾತಾಡಿಲ್ಲ. ಶಹಾಪುರದ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಗಂಟಲು ಉತ್ತಮವಾಗಿದೆ, ನಮ್ಮೆಲ್ಲರಿಗಿಂತ ಉತ್ತಮವಾಗಿದೆ ಎಂದಿದ್ದರು. ಈಗ ಆಚೆ ಕುರ್ಚಿಯಲ್ಲಿ ಕೂತಿದ್ದ ತಾಯಿ ದೇವಕಮ್ಮ ಸುರಪುರದ ದರ್ಗಾದಿಂದ ತಾಯತ ತಂದು ಕಟ್ಟಿದಳು. ತಾಯತವೂ ಮಾತಾಡಲಿಲ್ಲ. ಕೊನೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಬಾಯಿಯವರು, ಅಪ್ಪ ಅವ್ವ ಇಬ್ಬರೂ ಕೂಡಿಯೇ ಯಾದಗಿರಿಗೆ ಹೋಗಬೇಕು ಎಂದು ಹೇಳಿಕಳಿಸಿದ್ದರು. ‘ಕೂಡಿಯೇ’ ಎಂಬ ಶಬ್ದವನ್ನು ಅವರು ಬೇಕೆಂದೇ ಹಾಕಿದ್ದಾರೆ ಎಂದು ಮರಿಲಿಂಗಪ್ಪನಿಗೆ ಖಾತ್ರಿಯಾಗಿತ್ತು. ಗಂಡಹೆಂಡಿರು ಒಂದು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಎಂಬ ಸುದ್ದಿ ಕಾಲುವೆ ನೌಕರರ ಕ್ಯಾಂಪಿನ ಕ್ವಾರ್ಟರ್ಸಿನಿಂದ ಶಾಲೆಯ ತನಕ ನಡೆದುಹೋಗಿರಬೇಕು. ಸುದ್ದಿಗೇನು, ಅದಕ್ಕೆ ರಜೆ ಹಾಕಬೇಕಾಗಿಲ್ಲ.

“ಕೊಡ್ರಿ ಇಲ್ಲೆ ಮೇಡಮ್ಮರ,” ಎಂದು ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಚೀಲದಿಂದ ಸ್ಕೇಲು ಹೊರಬಂತು, ಚೂಪಾದ ಪೆನ್ಸಿಲು ಹೊರಬಂತು. ಅವನು ಕಾಲುವೆ ಆಫೀಸಿನಲ್ಲಿ ಟ್ರೇಸರ್. ಎಂಜಿನಿಯರು ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಕೆಳಗೆ ಕಂಡ ಗೆರೆಯ ಮೇಲೆ ಮಸಿಯ ಗೆರೆ ಎಳೆಯುವುದು ಅವನ ನೌಕರಿ. ನಾರಾಯಣಪುರದ ನೀರು ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಎಲ್ಲೆಲ್ಲಿ ಹರಿಯಬೇಕೋ ಅಲ್ಲೆಲ್ಲ ಮೊದಲು ತನ್ನ ಮಸಿ ಹರಿದಿದೆ ಎಂಬುದು ಅವನ ಹೆಮ್ಮೆ. ಆಫೀಸಿಗೆ ಕಂಪ್ಯೂಟರ್ ಬಂದ ಮೇಲೆ ಮಸಿ ಹರಿಯುವುದು ನಿಂತಿತ್ತು. ಈಗ ಅವನ ಇಳಿಜಾರು ಮೇಜಿನ ಮೇಲೆ ಸಿಬ್ಬಂದಿಯವರು ಊಟದ ಡಬ್ಬಿ ಇಡುತ್ತಿದ್ದರು, ಡಬ್ಬಿಗಳು ಜಾರುತ್ತಿದ್ದವು, ಜಾರಿದ್ದನ್ನು ಹಿಡಿಯುವುದು ಸರಕಾರ ಅವನಿಗೆ ಕೊಟ್ಟ ಕೆಲಸವಲ್ಲವಾದರೂ ಬೇರೆ ಕೆಲಸ ಇರಲಿಲ್ಲ. ಆದ್ದರಿಂದ ಯಾದಗಿರಿಯ ಈ ಮಾಳಿಗೆಯಲ್ಲಿ, ತನ್ನದೇ ಮನೆತನದ ಮಾನ ಕಳೆಯುವ ಹಾಳೆಯ ಮೇಲೆ ಸ್ಕೇಲು ಇಟ್ಟು ಲಂಬ ನೋಡಿ ಚೌಕ ಬರೆಯುವಾಗ ಅವನ ಬೆರಳುಗಳಿಗೆ ಅನೇಕ ತಿಂಗಳ ಮೇಲೆ ಒಂದು ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ರಾಬಿಯಾ ತಡೆಯಲಿಲ್ಲ. ಕಲಬುರಗಿಯ ತರಬೇತಿಯಲ್ಲಿ ಇಂಥವರನ್ನು ತಡೆಯಬಾರದೆಂದು ಕಲಿಸಿದ್ದರೋ, ಅವಳಿಗೇ ತನ್ನ ಚೌಕದ ಯೋಗ್ಯತೆ ಗೊತ್ತಿತ್ತೋ.

“ಮ್ಯಾಲ ಯಾರನ್ನ ಬರೀಲಿ?”

“ನಿಮ್ಮ ಮುತ್ಯಾನಿಂದ ಹಿಡೀರಿ. ಯಾರು ಯಾರ ಸಂಗಾಟ ಹೆಂಗಿದ್ರು, ಹೇಳಕೊಂತ ಬರೀರಿ.”

ಮುತ್ಯಾ ಈಶಪ್ಪ. ಚೌಕ. ಅವನ ಅಣ್ಣ, ಇನ್ನೊಂದು ಚೌಕ. ಇಬ್ಬರ ನಡುವೆ ಕಡಿದ ಗೆರೆ. ಇದಕ್ಕೆ ಕಾಲುವೆಯೇ ಕಾರಣ. ಸರ್ವೆಯವರು ಮೊದಲ ಸಲ ಊರಿಗೆ ಬಂದು ಕಲ್ಲು ನೆಡುವಾಗ ಅಣ್ಣ ಅವರಿಗೆ ಒಂದು ಚೆಂಬು ಮಜ್ಜಿಗೆ ಕೊಟ್ಟನಂತೆ. ಕಲ್ಲುಗಳು ಅಣ್ಣನ ಹೊಲವನ್ನು ತಪ್ಪಿಸಿಕೊಂಡು ಈಶಪ್ಪನ ಹೊಲದ ನಡುವೆ ಸಾಲಾಗಿ ನಿಂತವು. ಮಜ್ಜಿಗೆ ಕುಡಿಸಿ ಕಾಲುವೆ ತಿರುಗಿಸಿದ ಎಂದು ಈಶಪ್ಪ ಆ ಸಂಜೆ ಬಾಯಿ ಮುಚ್ಚಿದವನು, ಅಣ್ಣ ಸತ್ತಾಗ ಹೆಣದ ಮುಂದೆ ನಿಂತು ಬಾಯಿ ತೆರೆದು ಆಕಳಿಸಿದ, ಅಷ್ಟೆ. ಕಾಲುವೆ ನೆಲದ ಏರಿಳಿತ ನೋಡಿ ಹೋಗುತ್ತದೆ, ಮಜ್ಜಿಗೆ ನೋಡಿ ಅಲ್ಲ ಎಂದು ಮೊಮ್ಮಗನಿಗೆ ಟ್ರೇಸರ್ ಆದ ಮೊದಲ ವಾರವೇ ತಿಳಿಯಿತು. ಹೇಳೋಣವೆಂದರೆ ಇಬ್ಬರೂ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದನೆಂಬ ಭರವಸೆಯಿಲ್ಲ. ಒಂದು ಘನವಾದ ಸಿಟ್ಟನ್ನು ನೆಲದ ಏರಿಳಿತಕ್ಕೆ ಇಳಿಸುವುದು ಮರ್ಯಾದೆಯ ಕೆಲಸವಲ್ಲ.

“ನಿಮ್ಮಪ್ಪ?”

“ದ್ಯಾವಪ್ಪ ರಿ. ಲಸ್ಕರ ಇದ್ದ. ಕಾಲುವಿ ಗೇಟ್ ಎತ್ತೋದು ಇಳಸೋದು.”

“ಅವ್ವ?”

“ಬಾಲಮ್ಮ.”

ರಾಬಿಯಾ ಚಾಪೆಯ ಕಡೆ ನೋಡಿದಳು. “ಮಗಳ ಹೆಸರೂ ಅದೇ ಅಲ್ಲೇನ್ರಿ?”

“ಅವ್ವನ ಹೆಸರು ಇಟ್ಟೀವಿ,” ಎಂದು ಮರಿಲಿಂಗಪ್ಪ ಸ್ಕೇಲಿನಿಂದ ತಲೆಯೆತ್ತದೆ ಹೇಳಿದ. ಗುಂಡಗಿನ ಆಕಾರ ಬರೆಯಲು ಕಂಪಾಸು ಇರಲಿಲ್ಲ. ಮೇಜಿನ ಮೇಲಿದ್ದ ಚಹಾದ ಬಟ್ಟಲನ್ನು ಬೋರಲು ಹಾಕಿ ಅದರ ಸುತ್ತ ಪೆನ್ಸಿಲು ತಿರುಗಿಸಿದ. ಅವ್ವನೊಳಗೆ ಒಂದು ಹನಿ ಚಹಾ ಇಳಿಯಿತು. ಅದನ್ನು ಒರೆಸುತ್ತ ಒರೆಸುತ್ತ ಅವನಿಗೆ ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಕಂಡಿತು; ಕಂಡದ್ದನ್ನು ಹಾಗೆಯೇ ಹೇಳುತ್ತ ಹೋದ. ಊರಿಗೆ ಊರೇ ದಂಡೆಯ ಮೇಲೆ. ಆರತಿ, ಕಾಯಿ, ಕುಂಕುಮ, ಎಂಜಿನಿಯರರ ಜೀಪು. ಹೊಸ ಖಾಕಿ ಅಂಗಿ, ಖಾಕಿ ಟೊಪ್ಪಿಗೆಯಲ್ಲಿ ಅಪ್ಪ ಗೇಟಿನ ಗಾಲಿ ತಿರುಗಿಸುತ್ತಿದ್ದಾನೆ, ಜಗತ್ತಿನ ನೀರೆಲ್ಲ ತನ್ನ ರಟ್ಟೆಯಲ್ಲಿಯೇ ಇದ್ದ ಹಾಗೆ. ನೀರು ನುಗ್ಗಿತು, ಹಸಿ ಸಿಮೆಂಟಿನ ಮೇಲೆ ಅಪ್ಪನ ಕಾಲು ಜಾರಿತು, ಸರಕಾರದ ಮೊದಲ ನೀರಿನ ಜೊತೆ ಸರಕಾರದ ನೌಕರನೂ ಹೊರಟುಬಿಟ್ಟ. ಟೊಪ್ಪಿಗೆ ಅವನಿಗಿಂತ ಮುಂದೆ ತೇಲುತ್ತ ಹೋಯಿತು. ಹೆಂಗಸರೆಲ್ಲ ನಕ್ಕರು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅಪ್ಪನಿಗೆ ಕೇಳಿಸಿದ್ದು ಸೆರಗಿನೊಳಗಿನ ಆ ನಗೆ ಒಂದೇ. ಒದ್ದೆ ಅಂಗಿಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದವನೇ ಹತ್ತಿರ ನಿಂತಿದ್ದ ಮಗನಿಗೆ ಹೇಳಿದ: “ನಿಮ್ಮವ್ವಗ ಹೇಳು, ಉಣ್ಣಾಕ ಹಾಕು ಅಂತ.” ಅವ್ವ ಅಲ್ಲಿಯೇ, ಒಲೆಯ ಮುಂದೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿದ್ದಳು. ಅಲ್ಲಿಂದ ಅವಳು ಸಾಯುವ ತನಕ ಆ ಮನೆಯಲ್ಲಿ ಗಂಡಹೆಂಡಿರ ಮಾತೆಲ್ಲ ಹುಡುಗನ ಬಾಯಿಯಿಂದಲೇ ಆಯಿತು.

“ಯಾರ ಕಡಿಂದ ಹೇಳಿ ಕಳಿಸ್ತಿದ್ರು?” ರಾಬಿಯಾ ಕೇಳಿದಳು.

“ನನ್ನ ಕಡಿಂದ್ರಿ. ಮತ್ಯಾರದಾರ.” ದನಿಯಲ್ಲಿ ಸಣ್ಣ ಗರ್ವವಿತ್ತು. “ಒಂದಕ್ಷರ ಆಚಿಗೀಚಿಗೆ ಮಾಡ್ತಿದ್ದಿಲ್ಲ ನಾ. ನಮ್ಮಪ್ಪ ಮಂದಿ ಮುಂದ ಹೇಳತಿದ್ದ, ಹುಡುಗ ಕೊಟ್ಟದ್ದ ಕೊಟ್ಟಂಗ ಮುಟ್ಟಸ್ತಾನ ಅಂತ.”

“ಸಿಟ್ಟಿನ ಮಾತೂ ಹಂಗೇ ಮುಟ್ಟಿಸ್ತಿದ್ರಿ?”

“ಹೇಳಂದದ್ದು ಹೇಳಬೇಕಲ್ರಿ.”

ಕೆಳಗೆ ಯಾರೋ ಪರಾತ ಬಡಿದು ನೋಡಿದರು. ಆ ಸದ್ದು ಅಡಗುವಷ್ಟರಲ್ಲಿ, ಕರೆಯದೆಯೇ, ಒಂದು ಸುಗ್ಗಿಯ ಮಧ್ಯಾಹ್ನ ಬಂದು ಅವನ ಮುಂದೆ ಕೂತಿತು. ಅವ್ವ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು. ಅಪ್ಪ ಹೊಸ್ತಿಲಲ್ಲಿ ನಿಂತು, “ನಿಮ್ಮವ್ವಗ ಹೇಳು, ಬಿದ್ದಕೊಂಬೋದಿದ್ರ ತವರಮನ್ಯಾಗ ಬಿದ್ದಕೋ ಅಂತ,” ಎಂದ. ಹುಡುಗ ಕಂಬಳಿಯ ಹತ್ತಿರ ಕೂತು, ಅಪ್ಪನ ಮಾತನ್ನಷ್ಟೇ ಅಲ್ಲ, ಅಪ್ಪ ‘ಬಿದ್ದಕೋ’ ಎನ್ನುವಾಗ ಮೂಗಿನಿಂದ ಬಿಟ್ಟ ಉಸಿರನ್ನೂ ಸೇರಿಸಿ ಒಪ್ಪಿಸಿದ. ಅವ್ವ ಕಣ್ಣು ತೆರೆದು ನೋಡಿದ್ದು ಹೊಸ್ತಿಲ ಕಡೆಗಲ್ಲ. ಹುಡುಗನನ್ನು ನೋಡಿದಳು, ಆ ಮಾತು ಅವನದೇ ಎಂಬಂತೆ. ಆಮೇಲೆ ಎದ್ದು ಗಂಟು ಕಟ್ಟಿಕೊಂಡು ಹೋದಳು. ಜ್ವರ ಬಿಟ್ಟ ಮೇಲೆ ಬಂದಳು. ಆ ನೋಟದ ಬಗ್ಗೆ ಯಾರೂ ಯಾರಿಗೂ ಏನೂ ಹೇಳಿ ಕಳಿಸಲಿಲ್ಲ. ಇದನ್ನು ಮರಿಲಿಂಗಪ್ಪ ರಾಬಿಯಾಳಿಗೆ ಹೇಳಲಿಲ್ಲ. ನೆಟ್ಟನೆಯದು, ಗರಗಸದ್ದು, ಕಡಿದದ್ದು. ಇಂಥದಕ್ಕೆ ಅವಳ ಹತ್ತಿರ ಗೆರೆಯಿರಲಿಲ್ಲ. ಅವನು ಅಪ್ಪ ಅವ್ವನ ನಡುವೆ ಕಡಿದ ಗೆರೆ ಎಳೆದು, ಕಡಿತ ಸರಿಯಾಗಿ ಮಧ್ಯಕ್ಕೇ ಬಂದಿದೆಯೇ ಎಂದು ಅಳೆದು ನೋಡಿದ.

“ಈಗ ನೀವಿಬ್ಬರು,” ಎಂದಳು ರಾಬಿಯಾ, ದೇವಕಮ್ಮನ ಕಡೆ ತಿರುಗಿ. “ಮಾತು ಯಾವಾಗ ನಿಂತದ್ದು ಅಕ್ಕಾ?”

ದೇವಕಮ್ಮ ಇಷ್ಟು ಹೊತ್ತು ಗೋಡೆಯ ಮೇಲಿನ ನಾಯಿಯನ್ನು ನೋಡುತ್ತಿದ್ದಳು. “ಅವರನ್ನೇ ಕೇಳ್ರಿ. ನಿಲ್ಲಿಸಿದವರು ಅವರು.”

ಅವನು ಹೇಳುವುದೇನು. ಕ್ಯಾಂಪಿನಲ್ಲಿ ಎಂಜಿನಿಯರರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಹೊಸದಾಗಿ ಬಂದ ಎಂಜಿನಿಯರರ ಹೆಂಡತಿ ದೇವಕಮ್ಮನನ್ನು, ನಿಮ್ಮ ಯಜಮಾನರು ನಕ್ಷೆ ಬರೆಯುತ್ತಾರಂತಲ್ಲ ಎಂದು ಕೇಳಿದಳು. ದೇವಕಮ್ಮ ಕೈಯಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡು, ಪಾಪವೆನ್ನುವುದನ್ನೇ ಅರಿಯದವಳಂತೆ, “ಬರಿಯಂಗಿಲ್ರಿ. ಬ್ಯಾರೆಯವರು ಬರದದ್ದರ ಮ್ಯಾಲ ಹಾಳಿ ಇಟ್ಟು ತಿದ್ದತಾರ,” ಎಂದಳು. ಪಡಸಾಲೆಯಲ್ಲಿ ನಗೆಯೆದ್ದಿತು. ಬಾಗಿಲ ಹತ್ತಿರ ಊಟದೆಲೆ ಒರೆಸುತ್ತಿದ್ದ ಮರಿಲಿಂಗಪ್ಪನಿಗೆ ತನ್ನ ಮೇಜಿನ ಮೇಲಿನ ಡಬ್ಬಿಗಳೆಲ್ಲ ಒಮ್ಮೆಗೇ ಜಾರಿ ಬಿದ್ದ ಸದ್ದು ಕೇಳಿಸಿತು. ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿ, ಪುಸ್ತಕ ತೆರೆದು ಕೂತ ಮಗಳಿಗೆ ಹೇಳಿದ: “ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ.” ಆ ಕ್ಷಣ ಅವನಿಗೆ ತಾನು ಹೊಸದೊಂದು ಶಿಕ್ಷೆಯನ್ನು ಕಂಡುಹಿಡಿದೆ ಎಂಬ ಸಮಾಧಾನವಾಗಿತ್ತು. ದೇವಕಮ್ಮ ಕೆಲವು ದಿನ ನೇರವಾಗಿ ಮಾತಾಡಿಸಿ ನೋಡಿದಳು. ಗೋಡೆಗೆ ಹೇಳಿದ ಹಾಗಾಯಿತು. ಆಮೇಲೆ ಅವಳೂ, “ನಿಮ್ಮಪ್ಪಗ ಹೇಳು,” ಎಂದು ಶುರು ಮಾಡಿದಳು.

“ಏನೋ ಸಣ್ಣದ್ರಿ,” ಎಂದ ಮರಿಲಿಂಗಪ್ಪ. “ಮಂದ್ಯಾಗ ಒಂದು ಮಾತು ಅಂದ್ಳು. ಆದ್ರ ಈಗೀಗ ಆಕಿಗೂ ತಪ್ಪು ತಿಳದಂಗ ಕಾಣತದ.”

“ಹೆಂಗ ಗೊತ್ತಾತು?”

ಅವನು ಪೆನ್ಸಿಲು ಕೆಳಗಿಟ್ಟ. ಇದನ್ನು ಮೂರನೆಯವರ ಮುಂದೆ ಹೇಳಬೇಕೆಂದು ಅವನು ಬಹಳ ದಿನದಿಂದ ಕಾದಿದ್ದ. ಗೆದ್ದವನ ಔದಾರ್ಯ ಅವನ ಮುಖದ ಮೇಲೆ ಹರಡಿತು. “ಈಕಿ ಮಾತು ಬಿಡೋ ತನಕ ದಿನಾ ಹೇಳಿ ಕಳಿಸ್ತಿದ್ಳಲ್ರಿ. ಗುಳಿಗಿ ತಗೊಂಡ್ರೇನು ಕೇಳು. ಬಿಸಿಲದ, ತಲಿಗೆ ವಸ್ತ್ರ ಸುತಗೋ ಅನ್ನು. ಒಂದಿನ ಅಂತೂ, ನಿಮ್ಮಪ್ಪ ಬಡವಾಗ್ಯಾನ, ಇನ್ನೊಂದು ರೊಟ್ಟಿ ಉಣ್ಣು ಅನ್ನು ಅಂತ ಹೇಳಿ ಕಳಿಸಿದ್ಳು.”

ದೇವಕಮ್ಮ ನಾಯಿಯಿಂದ ಕಣ್ಣು ಕಿತ್ತಳು. “ನಾ ಯಾವಾಗ ಹಂಗಂದೀನ್ರಿ ಮೇಡಮ್ಮ?” ಎಂದು ರಾಬಿಯಾಳನ್ನೇ ಕೇಳಿದಳು. “ಡಬ್ಬಿ ಒಯ್ಯೋದಿದ್ರ ಒಯ್ಯಿ, ಇಲ್ಲಂದ್ರ ಬಿಡು ಅಂತ ಹೇಳು ಅಂದೀನಿ. ಅವರಾ ಹೇಳಿ ಕಳಿಸ್ತಿದ್ರು ನನಗ. ಎಣ್ಣಿಗಾಯಿ ಚೊಲೊ ಆಗಿತ್ತು ಅಂತ. ನೀಲಿ ಸೀರಿ ಒಪ್ಪತದ ಅಂತ.”

“ಎಣ್ಣಿಗಾಯಿನಾ?” ಎಂದ ಮರಿಲಿಂಗಪ್ಪ, ಅವನೂ ರಾಬಿಯಾಳಿಗೇ. “ಖಾರ ಆಗ್ಯದ, ಕುತ್ತಿಗಿ ಸುಟ್ಟು ಹೋತು ಅಂತ ಹೇಳು ಅಂದಿದ್ದೆ ನಾ.”

ಪಾತ್ರೆ ಅಂಗಡಿಯೂ ಆ ಹೊತ್ತಿಗೇ ಸುಮ್ಮನಾಗಬೇಕೆ. ಮೂವರ ತಲೆಗಳೂ ಚಾಪೆಯ ಕಡೆ ತಿರುಗಿದವು. ಬಾಲಮ್ಮ ತೊಡೆಯ ಮೇಲಿನ ಚಪ್ಪಲಿಯ ಹೆಬ್ಬೆರಳ ಕುಣಿಕೆಗೆ ಬೆರಳು ಸಿಕ್ಕಿಸಿ ಸಿಕ್ಕಿಸಿ ತೆಗೆಯುತ್ತಿದ್ದಳು. ಮರಿಲಿಂಗಪ್ಪನಿಗೆ ಮೊದಲು ಆದದ್ದು ದುಃಖವಲ್ಲ, ಅವಮಾನ. ಒಂದು ವರ್ಷ ಅವನು ಗೆಲ್ಲುತ್ತ ಬಂದಿದ್ದ. ಹೆಂಡತಿ ದಿನಕ್ಕೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಾಳೆ, ಇನ್ನೊಂದು ಸ್ವಲ್ಪ ಬಿಗಿ ಹಿಡಿದರೆ ಕಾಲಿಗೇ ಬೀಳುತ್ತಾಳೆ ಎಂದು ಮಗ್ಗುಲು ಬದಲಿಸುತ್ತ ಎಷ್ಟೋ ಸಲ ಒಳಗೊಳಗೆ ನಕ್ಕಿದ್ದ. ಆ ರೊಟ್ಟಿಯ ಮಾತು ಬಂದ ದಿನ, ಸಿಟ್ಟು ಹಾಗೆಯೇ ಇದ್ದರೂ, ನಿಜವಾಗಿ ಇನ್ನೊಂದು ರೊಟ್ಟಿ ಉಂಡಿದ್ದ. ಆ ರೊಟ್ಟಿಯನ್ನು ಅವನಿಗೆ ಉಣಿಸಿದವಳು ಐದನೇ ಇಯತ್ತೆಯ ಹುಡುಗಿ. ಸೋತುಹೋದ ಶತ್ರು ಎಂದುಕೊಂಡವಳು ಯುದ್ಧದಲ್ಲಿ ಇರಲೇ ಇಲ್ಲ.

ಅವನ ಎದುರಿಗೆ ಹಾಳೆ ಇತ್ತು. ರಾಬಿಯಾ ಪೆನ್ಸಿಲು ತೆಗೆದುಕೊಂಡು ಕೆಳಗಿನ ಸಾಲಿನಲ್ಲಿ ಹೆಂಡತಿಗೂ ಮಗಳಿಗೂ ಒಂದೊಂದು ವೃತ್ತ ಬರೆದು, ಅವನ ಚೌಕದಿಂದ ಮಗಳ ವೃತ್ತಕ್ಕೆ, ಅಲ್ಲಿಂದ ಹೆಂಡತಿಯ ವೃತ್ತಕ್ಕೆ ತನ್ನ ಸೊಟ್ಟ ಗೆರೆ ಎಳೆದಳು. ಮೇಲಿನ ಸಾಲಿನಲ್ಲೂ ಅಂಥದ್ದೇ ಎಳೆದಳು. ದ್ಯಾವಪ್ಪನಿಂದ ಮರಿಲಿಂಗಪ್ಪನಿಗೆ, ಅವನಿಂದ ಅವ್ವ ಬಾಲಮ್ಮನಿಗೆ. ಎರಡೂ ಒಂದೇ ಆಕಾರ. ದೇವಕಮ್ಮ ಬಗ್ಗಿ ನೋಡಿದಳು. “ಹಾಳಿ ಮ್ಯಾಲ ಹಾಳಿ ಇಟ್ಟಂಗಾಗ್ಯದ,” ಎಂದಳು. ಈ ಸಲ ಯಾರೂ ನಗಲಿಲ್ಲ. ಅವಳಿಗೂ ಹಂಗಿಸುವ ಉತ್ಸಾಹ ಇದ್ದಂತೆ ಕಾಣಲಿಲ್ಲ. ಆದರೆ ಎರಡೂ ಒಂದೇ ಅಲ್ಲವೆಂದು ಟ್ರೇಸರನ ಕಣ್ಣಿಗೆ ಕಾಣುತ್ತಿತ್ತು. ಮೇಲಿನ ಸಾಲಿನ ಹುಡುಗ ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸಿದ್ದ. ಕೆಳಗಿನವಳು ಮುಟ್ಟಿಸಿರಲಿಲ್ಲ. ಅಂಥ ಸುಲಭದ ಉಪಾಯ ತನಗೆ ಆಗ ಯಾಕೆ ಹೊಳೆಯಲಿಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಅವ್ವಾ, ಅಪ್ಪ ಮಲಗು ಅಂತಾನ ಎಂದಿದ್ದರೆ ಮುಗಿಯುತ್ತಿತ್ತು. ಯಾರು ಹೋಗಿ ತಾಳೆ ನೋಡುತ್ತಿದ್ದರು.

“ಮದುವಿ ದಿನ ಏನಾತು?” ರಾಬಿಯಾ ಮೆಲ್ಲಗೆ ಕೇಳಿದಳು.

ದೇವಕಮ್ಮನೇ ಹೇಳಿದಳು. ಮುದನಾಳದಲ್ಲಿ ಅವಳ ತಮ್ಮ ಸಿದ್ದಣ್ಣನ ಮದುವೆ. ಮುಹೂರ್ತಕ್ಕೆ ಅಪ್ಪ ಬರುತ್ತಾನಂತೆ, ರಜೆ ಸಿಕ್ಕಿದೆಯಂತೆ ಎಂದು ಮಗಳು ಹೇಳಿದ್ದಳು. ಮನೆಯ ಅಳಿಯನಿಗೆ ಕೊಡುವ ಧೋತರ, ಟವೆಲು ತಾಟಿನಲ್ಲಿಟ್ಟುಕೊಂಡು ದೇವಕಮ್ಮ ಚಪ್ಪರದ ಬಾಯಲ್ಲಿ ನಿಂತಳು. ಬಂದವರೆಲ್ಲ ತಾಟು ನೋಡಿದರು, ಅವಳನ್ನು ನೋಡಿದರು, ರಸ್ತೆ ನೋಡಿದರು. ಅಕ್ಷತೆ ಬಿದ್ದಿತು. ತಾಟನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. “ಬರೂದಿಲ್ಲ ಅಂದಿದ್ರ ನಾ ಹಂಗ ನಿಂದ್ರತಿದ್ದಿಲ್ರಿ,” ಎಂದಳು. “ಮನಿಗೆ ಬಂದು ಈಕಿನ್ನ ಕೇಳಿದ್ನಿ. ಅವರು ಅಲ್ಲೇ ಕುಂತಿದ್ರು. ನಾ ಎಲ್ಲಿ ಬರ್ತೀನಂದಿದ್ದೆ ಅಂತ ಈಕಿನ್ನೇ ಕೇಳಿದ್ರು. ಸುಳ್ಳಿ ಅಂತ ನಾ ಒಂದು ಕಪಾಳಕ್ಕ ಹೊಡದ್ನಿ.”

ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಅವಳದಲ್ಲ. ಅವಳು ಹೇಳಿಬಿಡಲಿ ಎಂದು ಮರಿಲಿಂಗಪ್ಪ ಕಾದ. ಹೇಳಿದ್ದರೆ ಅಲ್ಲಗಳೆಯುವುದಕ್ಕಾದರೂ ಒಂದು ಜಾಗವಿರುತ್ತಿತ್ತು. ದೇವಕಮ್ಮ ಹೇಳಲಿಲ್ಲ. ರಾಬಿಯಾ ಕೇಳಲಿಲ್ಲ. ತರಬೇತಿ ಕೊಟ್ಟವರು ಈ ಹುಡುಗಿಗೆ ಚೌಕ ಕಲಿಸದಿದ್ದರೂ ಸುಮ್ಮನಿರುವುದನ್ನು ಚೆನ್ನಾಗಿ ಕಲಿಸಿದ್ದರು.

“ನಾನು,” ಎಂದ ಅವನು, ಸ್ಕೇಲಿನ ಮೇಲಿನ ಅಂಕಿಗಳಿಗೆ. “ನಾನು ಈಕಿಗೆ... ನಿಮ್ಮವ್ವಗ ಹೇಳು, ಇನ್ನೊಂದು ಹಾಕು ಅಂತ... ಅಂದ್ನಿರಿ.”

ಅಂದಿದ್ದ. ಹುಡುಗಿ ಕೆನ್ನೆ ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದಳು. ಒಂದು ವರ್ಷದ ಅಭ್ಯಾಸ. ಮಾತು ಬಂದೊಡನೆ ಅವಳ ಮುಖ ಅವ್ವನ ಕಡೆ ತಿರುಗಿತು. ಬಾಯಿ ತೆರೆಯಿತು. ಈ ಮಾತನ್ನು ಹೇಗೆ ತಿದ್ದಿ ಹೇಳುವುದೆಂದು ಹುಡುಕುತ್ತಿದ್ದಳೋ ಏನೋ. ತೆರೆದ ಬಾಯಿಯಿಂದ ಏನೂ ಬರಲಿಲ್ಲ. ಅಂದು ಮುಚ್ಚಿದ್ದು ಇಂದಿಗೂ ತೆರೆದಿಲ್ಲ. ಅವನೋ, ಆ ಹೊತ್ತಿನಲ್ಲಿ, ತನ್ನ ಮಾತಿನ ಚಮತ್ಕಾರವನ್ನು ತಾನೇ ಸ್ವಲ್ಪ ಮೆಚ್ಚಿಕೊಂಡಿದ್ದ. ಅದನ್ನೂ ಅವನು ಈಗ ನೆನೆದ. ಕುರ್ಚಿ ಅವನನ್ನು ಹೊತ್ತುಕೊಂಡೇ ಇತ್ತು, ನೆಲವೂ ಬಾಯಿ ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಸರಕಾರಿ ಕಟ್ಟಡವಾಗಲಿ ಖಾಸಗಿ ಕಟ್ಟಡವಾಗಲಿ ಯಾರ ನೆರವಿಗೂ ಬರುವುದಿಲ್ಲ.

ರಾಬಿಯಾ ಉಪದೇಶ ಮಾಡಲಿಲ್ಲ. ಅವಳ ಫೋನು ಎರಡು ಸಲ ಬಡಿದುಕೊಂಡಿತು. ತಾಯಿಯದಿರಬೇಕು, “ಆತೂಂ ಅಮ್ಮಾ, ಥೋಡಾ ಠೈರೋ,” ಎಂದು, ಬರುತ್ತೇನೆ ಸ್ವಲ್ಪ ತಾಳು ಎಂಬುದನ್ನು ದಖನಿಯಲ್ಲಿ ಪಿಸುಗುಟ್ಟಿ ಇಟ್ಟಳು. ಆಮೇಲೆ, “ಮಗಳನ್ನ ಮಾತಾಡ್ಸಾಕ ಹೋಗಬ್ಯಾಡ್ರಿ,” ಎಂದಳು. “ನೀವಿಬ್ಬರು ಆಕಿ ಕೈಲೆ ಏನೂ ಹೇಳಿ ಕಳಿಸಬ್ಯಾಡ್ರಿ. ಬೈಯ್ಯೋದಿದ್ರೂ ನೆಟ್ಟಗ ಬೈರಿ. ಇಷ್ಟು ಮಾಡ್ರಿ ಈಗ. ಮುಂದಿನ ತಿಂಗಳು ಬರ್ರಿ.” ಬಾಗಿಲ ತನಕ ಬಂದು ಬಾಲಮ್ಮನ ತಲೆ ಸವರಿದಳು. ಹುಡುಗಿ ಚಪ್ಪಲಿ ಹಾಕಿಕೊಳ್ಳುವುದರಲ್ಲಿ ಮಗ್ನಳಾಗಿದ್ದಳು.

ಇಷ್ಟು ಮಾಡುವುದು ಎಷ್ಟು ದೊಡ್ಡದೆಂದು ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ಶಹಾಪುರದ ಬಸ್ಸು ತನ್ನ ಜಾಗದಲ್ಲಿ ನಿಲ್ಲದೆ ಆಚೆ ತುದಿಯಲ್ಲಿ, ಸೈದಾಪುರದ ಬಸ್ಸಿನ ಹಿಂದೆ ಮರೆಯಾಗಿ ನಿಂತಿತ್ತು. ಮರಿಲಿಂಗಪ್ಪ ಅದನ್ನು ಕಂಡ. ದೇವಕಮ್ಮ ಕಂಬಕ್ಕೊರಗಿ ಬೇರೆ ಕಡೆ ನೋಡುತ್ತಿದ್ದಳು. ಅವನ ಕುತ್ತಿಗೆ ತಾನಾಗಿಯೇ ಮಗಳ ಕಡೆ ಬಾಗಿತು. “ನಿಮ್ಮವ್ವ—” ಎಂದಿದ್ದನಷ್ಟೆ. ಹುಡುಗಿಯ ಮುಖ ಮೇಲೆದ್ದಿತು. ತಲೆಯ ಮೇಲೆ ಹೊರೆ ಇಡಿಸಿಕೊಳ್ಳುವವರು ಕುತ್ತಿಗೆ ಬಿಗಿ ಮಾಡುತ್ತಾರಲ್ಲ, ಹಾಗೆ ಬಿಗಿಯಾಗಿತ್ತು ಅದು. ಅವನು ಬಾಯಿ ಮುಚ್ಚಿದ. ಹೆಂಡತಿಯ ಕಡೆ ತಿರುಗಿದ. ಏನೆಂದು ಕರೆಯುವುದು. ಒಂದು ವರ್ಷದಿಂದ ಬಳಸದ ಹೆಸರು ತುಕ್ಕು ಹಿಡಿದು ಕೂತಿತ್ತು. ‘ಏ’ ಎನ್ನೋಣವೆಂದರೆ ಸಲಿಗೆ ಹೆಚ್ಚಾಗುತ್ತದೆ. ಕೆಮ್ಮೋಣವೆಂದರೆ ಸ್ಟ್ಯಾಂಡಿನಲ್ಲಿ ಎಲ್ಲರೂ ಕೆಮ್ಮುತ್ತಿದ್ದಾರೆ. ಅವನು ಮಾತನ್ನು ಹೀಗೆ ಅಳೆದು ಜೋಡಿಸುತ್ತಿರುವಾಗ ಬಸ್ಸು ಹಿಂದೆ ಬಂತು, ತಿರುಗಿತು, ಧೂಳೆಬ್ಬಿಸಿಕೊಂಡು ಭೀಮಾ ನದಿಯ ಸೇತುವೆಯ ದಾರಿ ಹಿಡಿಯಿತು.

“ಬಸ್ಸು ಹೋತು,” ಎಂದ ಅವನು ದೇವಕಮ್ಮನಿಗೆ.

ದೇವಕಮ್ಮ ಮೊದಲು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗಾದರೂ ಹೇಳಿದನೇ ಎಂದು. “ನನಗ ಹೇಳಿದ್ರೇನು?”

“ಮತ್ಯಾರಿಗೆ?”

“ಹೋದ ಮ್ಯಾಲ ಹೇಳ್ತೀರೇನು? ಇದ್ದಾಗ ಹೇಳಾಕ ಏನಾಗಿತ್ತು, ಬಾಯಾಗ ಹುಣ್ಣಾಗಿತ್ತೇನು?”

“ನಿನಗೇನು ಕಣ್ಣಿದ್ದಿಲ್ಲೇನು? ಕಂಬ ತಬ್ಬಿಕೊಂಡು ನಿಂತಿದ್ದಿ.”

ಅಷ್ಟೇ ಸಾಕಾಯಿತು. ಕಟ್ಟೆ ಒಡೆದ ಹಾಗೆ ವರ್ಷದ್ದೆಲ್ಲ ಹೊರಗೆ ಬಂತು. ತಾಟು ಬಂತು, ಧೋತರ ಬಂತು, ಮುದನಾಳದ ರಸ್ತೆ ಬಂತು. ಪ್ರಸಾದದ ದೊನ್ನೆ ಬಂತು. ನೀ ಮಂದಿ ಮುಂದ ನಕ್ಕಿ ಎಂದು ಅವನು. ನಾ ನಕ್ಕಿದ್ದಿಲ್ಲ, ಆಕಿ ನಕ್ಳು, ನಾ ಇದ್ದದ್ದು ಹೇಳಿದ್ನಿ, ತಿದ್ದೋದು ಕೆಲಸ ಅಲ್ಲೇನು, ಅದರಿಂದಾನೇ ಮನಿ ನಡೀತದ, ನಾಚಿಕಿ ನಿಮಗ ಬರತದ, ನನಗ ಬರೂದಿಲ್ಲ ಎಂದು ಅವಳು. ಈ ಕೊನೆಯ ಮಾತು ಅವನ ಕಿವಿಗೆ ಸರಿಯಾಗಿ ಬಿದ್ದದ್ದು ಅದಕ್ಕೆ ಉತ್ತರ ಕೊಟ್ಟಾದ ಮೇಲೆ. ಸುತ್ತಲಿನವರು ಗಂಟುಮೂಟೆ ಸರಿಸಿಕೊಂಡು ಜಾಗ ಮಾಡಿಕೊಟ್ಟರು. ಆಫೀಸಿನ ಜೀಪು ಡ್ರೈವರ್ ವಹಾಬ, “ಏನ್ರಿ ಮರಿಲಿಂಗಪ್ಪಣ್ಣ, ಇಲ್ಲೆ...” ಎನ್ನುತ್ತ ಬಂದವನು ಸಂದರ್ಭ ನೋಡಿ, ಬೇರೆ ಯಾರನ್ನೋ ಹುಡುಕುವವನಂತೆ ಹಾಗೆಯೇ ದಾಟಿ ಹೋದ. ನಾಳೆ ಆಫೀಸಿಗೆಲ್ಲ ಗೊತ್ತಾಗುತ್ತದೆ ಎಂದು ಮರಿಲಿಂಗಪ್ಪನಿಗೆ ಹೊಳೆಯಿತು. ಹೊಳೆದರೂ ಬೈಯುವುದು ನಿಲ್ಲಲಿಲ್ಲ.

ಆಗ ಅವನಿಗೆ ಕೇಳಿಸಿತು. ಹಿಂದೆ, ಕಬ್ಬಿನ ಹಾಲಿನ ಗಾಡಿಯ ಹತ್ತಿರ.

“ಒಂದು ಕೊಡ್ರಿ. ಬರ್ಫ ಬ್ಯಾಡ.” ದನಿ ಒಡೆದಿತ್ತು, ಬಹಳ ದಿನ ತಿರುಗಿಸದ ಬೀಗದ ಹಾಗೆ.

“ರೊಕ್ಕ ಯಾರ ಕೊಡ್ತಾರವ್ವ?” ಗಾಡಿಯ ಚಮನಬೀ ಗಾಲಿ ತಿರುಗಿಸುತ್ತಲೇ ಕೇಳಿದಳು.

“ಅವರು. ನಮ್ಮಪ್ಪ, ನಮ್ಮವ್ವ. ಜಗಳಾಡಾಕತ್ತಾರ. ಮುಗೀಲಿ.”

ದೇವಕಮ್ಮನಿಗೂ ಕೇಳಿಸಿತ್ತು. ಎತ್ತಿದ ಅವಳ ಕೈ ಹಾಗೆಯೇ ನಿಂತಿತು. ಕಣ್ಣು ತುಂಬಿ ಬಂದವು, ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ ಎಂದು ಅವನಿಗೆ ಅನ್ನಿಸಿತು, ಅವನ ಕಾಲೂ ಆ ಕಡೆ ಎದ್ದಿತ್ತು. ಇಬ್ಬರೂ ಸುಮ್ಮನಾದದ್ದೇ ತಡ, ಹುಡುಗಿ ತಟ್ಟನೆ ತಿರುಗಿ ನೋಡಿದಳು. ಗ್ಲಾಸು ತುಟಿಯ ಹತ್ತಿರವೇ ನಿಂತಿತು. ಆ ಬಿಗಿ ಮತ್ತೆ ಕುತ್ತಿಗೆಗೆ ಬರತೊಡಗಿತ್ತು.

“ಮತ್ತ ಆ ಎಣ್ಣಿಗಾಯಿ,” ಎಂದು ದೇವಕಮ್ಮ ಒಮ್ಮೆಲೆ ದನಿ ಎತ್ತಿದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿರುವಾಗಲೇ. “ಖಾರ ಆಗಿತ್ತಂದ್ರ ಮೂರು ಮೂರು ಸಲ ಯಾಕ ಹಾಕಿಸಿಕೊಂಡ್ರಿ?”

“ಹಸಿವಿ ಆಗಿತ್ತು, ಹಾಕಿಸಿಕೊಂಡೆ. ಹಸಿವ್ಯಾದ್ರ ಮಣ್ಣೂ ತಿಂತಾನ ಮನಷ್ಯಾ.”

“ಹಂಗಾದ್ರ ನಾಳಿಂದ ಮಣ್ಣ ಮಾಡಿ ಹಾಕ್ತೀನಿ.”

ಹುಡುಗಿ ಗ್ಲಾಸಿಗೆ ಬಾಯಿ ಹಚ್ಚಿದಳು. ಚಮನಬೀ ಏನೋ ಕೇಳಿದಳು, ಹುಡುಗಿ ಏನೋ ಹೇಳಿದಳು; ಈ ಸಲ ದನಿ ಸ್ವಲ್ಪ ಸಡಿಲಾಗಿತ್ತು. ಜಗಳ ನಿಲ್ಲಿಸಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಆದರೆ ಬೈಗುಳದ ದಾಸ್ತಾನು ಮುಗಿಯುತ್ತ ಬಂದಿತ್ತು. ಅಷ್ಟು ದಿನ ಅಷ್ಟು ಜತನದಿಂದ ಕೂಡಿಟ್ಟದ್ದು ಇಷ್ಟೇ ಇತ್ತೇ ಎಂದು ಮರಿಲಿಂಗಪ್ಪನಿಗೆ ಗಾಬರಿಯಾಯಿತು. ದೇವಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಈಗ ನಿಮ್ಮ ಸರದಿ ಎಂಬಂತೆ ಅವನನ್ನೇ ನೋಡುತ್ತಿದ್ದಳು. ಅವನು ಒಳಗೆಲ್ಲ ತಡಕಾಡಿದ. ಏನೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ.

“ನಿಮ್ಮ ತಮ್ಮನ ಮದುವ್ಯಾಗ,” ಎಂದು ಅವನು ಹುಬ್ಬು ಗಂಟಿಕ್ಕಿ, ಬೆರಳು ಮಾಡಿ, ಆದಷ್ಟು ಗಡುಸಾಗಿ ಕೇಳಿದ, “ಊಟಕ್ಕ ಏನು ಮಾಡಿಸಿದ್ರಿ?”

“ಗೋಧಿ ಹುಗ್ಗಿ,” ಎಂದು ದೇವಕಮ್ಮ ಅಷ್ಟೇ ಗಡುಸಾಗಿ ಗದರಿಸಿದಳು.

“ಹೋಳಿಗಿ ಅಲ್ಲೇನು?”

“ಹುಗ್ಗಿ ಅಂದ್ನಲ್ಲ.”